ಹಿಂಬಾಗಿಲು ಮುಚ್ಚದ ಮೇಸ್ತ್ರಿ

ಮೇಸ್ತ್ರಿಯವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ತಗಡು ಬಡಿಯುವಾಗ ಹೋದದ್ದು ಮತ್ತೆ ಬೆಳೆದಿರಲಿಲ್ಲ. ಆ ಬೋಳು ಬೆರಳೇ ಅವರ ಅಳತೆಗೋಲು. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಅದನ್ನು ಮೇಲಿಂದ ಕೆಳಕ್ಕೆ ಓಡಿಸಿ, ಕಣ್ಣು ಮುಚ್ಚಿಕೊಂಡೇ, "ಕೆಳಗಡೆ ಒಂದು ನೂಲು ಜಾಸ್ತಿ ಐತೆ" ಎನ್ನುತ್ತಿದ್ದರು.

ಹಲಸೂರು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಶೆಡ್ಡಿತ್ತು. ಲಾರಿ, ವ್ಯಾನುಗಳಿಗೆ ಬಾಡಿ ಕಟ್ಟುವುದು ಕಸುಬು. ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನಮ್ಮ ಮನೆಯವರೂ ರಾಮಮೂರ್ತಿ ನಗರದಿಂದ ಅಲ್ಲಿಗೆ ಹೋದದ್ದು ಒಂದು ವಿಚಿತ್ರ ಬೇಡಿಕೆ ಹೊತ್ತು. ನಾನು ಭೂಗೋಳದ ಟೀಚರ್. ವರ್ಷಗಟ್ಟಲೆ ಪಾಠ ಮಾಡಿದ ನದಿಗಳಲ್ಲಿ ಒಂದೆರಡನ್ನು ಬಿಟ್ಟರೆ ಯಾವುದನ್ನೂ ಕಂಡಿರಲಿಲ್ಲ. ಶಾಲೆಯ ಮಕ್ಕಳನ್ನು ಹೊತ್ತು ಸುಸ್ತಾಗಿದ್ದ ಹಳೆಯ ವ್ಯಾನೊಂದನ್ನು ಕೊಂಡು, ಸೀಟು ಕೀಳಿಸಿ, ಹಲಗೆಯ ಮಂಚ ಹಾಕಿಸಿದ್ದೆವು. ರಜೆಯಲ್ಲಿ ಅದರಲ್ಲೇ ಮಲಗುತ್ತ ಊರೂರು ತಿರುಗುವುದು, ವ್ಯಾನು ಹೋಗದ ಕಡೆ ಸೈಕಲ್ ತುಳಿಯುವುದು ನಮ್ಮ ಆಸೆ. ಆದರೆ ಎರಡು ಸೈಕಲ್ಲುಗಳಿಗೆ ಒಳಗೆ ಜಾಗವಿರಲಿಲ್ಲ. ಮೇಲಕ್ಕೆತ್ತಿ ಕಟ್ಟೋಣವೆಂದರೆ ಮನೆಯವರ ಮುರಿದು ಕೂಡಿದ ಭುಜ ಒಪ್ಪುತ್ತಿರಲಿಲ್ಲ. ಉಳಿದದ್ದು ಹಿಂಬಾಗಿಲು.

ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ವಿದೇಶಿ ಪತ್ರಿಕೆಯ ಚಿತ್ರವೊಂದನ್ನು ಮೇಸ್ತ್ರಿಯವರಿಗೆ ತೋರಿಸಿದೆ. ಅದರಲ್ಲಿ ವ್ಯಾನೊಂದರ ಹಿಂಬಾಗಿಲಿಗೆ ಕೊಕ್ಕೆ, ಬೆಲ್ಟುಗಳಿಂದ ಸಿಕ್ಕಿಸಿದ ಸ್ಟ್ಯಾಂಡಿತ್ತು. ಸೈಕಲ್ಲುಗಳು ಅದರ ಮೇಲೆ ಹಾಯಾಗಿ ಕೂತಿದ್ದವು. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಅದರ ಅಂಚು ಹಿಡಿದು ತಾವೇ ಜೋತುಬಿದ್ದರು. ಬಾಗಿಲು ಕಿರ್ರೆಂದು ಕುಸಿಯಿತು.

"ಆ ಫೋಟೋದಲ್ಲಿರೋ ಬಾಗ್ಲು ಗಟ್ಟಿ ಐತೆ ಟೀಚರಮ್ಮಾ. ನಿಮ್ದು ಬಿಸ್ಕತ್ ಡಬ್ಬಿ ಮುಚ್ಚಳ."

ಮನೆಯವರು ಕೂಡಲೇ ಹೇಳಿದರು: "ಹಾಗಾದ್ರೆ ಬಾಗಿಲನ್ನ ಬಾಡಿಗೇ ವೆಲ್ಡ್ ಮಾಡ್ಬಿಡಿ. ಅದರ ಮೇಲೆ ಸ್ಟ್ಯಾಂಡ್ ಕೂರಿಸಿ. ಹತ್ತೋಕೆ ಇಳಿಯೋಕೆ ಪಕ್ಕದ ಬಾಗಿಲು ಇದೆಯಲ್ಲ."

ಮೇಸ್ತ್ರಿ ವ್ಯಾನಿನೊಳಗೆ ಹೋಗಿ ಮಂಚದ ಮೇಲೆ ಕೂತರು. ಮುಂದಿನ ಸೀಟುಗಳಿಗೂ ಮಂಚಕ್ಕೂ ನಡುವೆ ನಾವು ಅಡ್ಡ ಹಾಕಿಸಿದ್ದ ಕಪಾಟನ್ನು ತಟ್ಟಿ ನೋಡಿದರು. ಅಲ್ಲಿಂದಲೇ ಕೇಳಿದರು, "ಪಕ್ಕದ್ದು ತೆಗೀಲಿಲ್ಲಾಂದ್ರೆ ಎಲ್ಲಿಂದ ಬರ್ತೀರಾ ಸಾರ್?"

"ಯಾಕ್ರೀ ತೆಗೆಯಲ್ಲ?"

"ಜನ ಮಲಗೋ ಗಾಡಿಗೆ ನಾನು ಬಾಗ್ಲು ಮುಚ್ಚಲ್ಲ. ಬೇರೆ ಕಡೆ ನೋಡ್ಕೊಳ್ಳಿ."

ಅಷ್ಟು ಖಡಾಖಂಡಿತವಾಗಿ ಹೇಳಿದ್ದಕ್ಕೆ ಮನೆಯವರಿಗೆ ಸಿಟ್ಟು ಬಂತು. ನಮ್ಮ ಮನೆಯ ಹತ್ತಿರದ ಇನ್ನೊಬ್ಬ ವೆಲ್ಡರ್ ಒಂದೇ ಗಂಟೆಯಲ್ಲಿ ಮುಗಿಸಿಕೊಡುತ್ತೇನೆಂದ. ವ್ಯಾನು ಅವನ ಅಂಗಡಿಯ ಮುಂದೆ ನಿಂತಾಗ ಸುಮ್ಮನಿರಲಾರದೆ, ಪಕ್ಕದ ಬಾಗಿಲು ಜಾಮ್ ಆದರೆ ಎಂದು ಮೇಸ್ತ್ರಿಯವರ ಪ್ರಶ್ನೆಯನ್ನೇ ನಾನು ಕೇಳಿದೆ. "ಅದ್ಯಾಕಮ್ಮಾ ಜಾಮ್ ಆಗುತ್ತೆ?" ಎಂದು ಅವನು ನಕ್ಕ. ಅದು ಉತ್ತರವಲ್ಲ ಎಂದು ನನಗೂ ಮನೆಯವರಿಗೂ ಒಟ್ಟಿಗೇ ಅನ್ನಿಸಿರಬೇಕು. ವ್ಯಾನು ತಿರುಗಿಸಿ ಹಲಸೂರಿಗೆ ಬಂದೆವು.

ಮೇಸ್ತ್ರಿ ಏನೂ ಆಡಿ ತೋರಿಸಲಿಲ್ಲ. ಬಾಗಿಲಿಗೆ ಮೂರನೆಯ ಕೀಲು ಸೇರಿಸಿದರು. ತಗಡಿನ ಒಳಗಡೆ ದಪ್ಪ ಪಟ್ಟಿ ಕೊಟ್ಟು, ಅದಕ್ಕೆ ಪೈಪಿನ ಎರಡು ತೋಳು ಕೂರಿಸಿದರು. ಒಳಗಿನಿಂದ ತೆರೆಯಲು ಒಂದು ಹಿಡಿಯನ್ನೂ ಇಟ್ಟರು. ಆಮೇಲೆ ಸೈಕಲ್ಲಿನ ಬದಲು ಎರಡು ಮರಳಿನ ಚೀಲ ತೂಗುಹಾಕಿ, ಬಾಗಿಲಿಂದ ಬಾಡಿಯವರೆಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು, "ಕೆ.ಆರ್. ಪುರಕ್ಕೆ ಹೋಗಿ ಬನ್ನಿ. ಗುಂಡಿ ತಪ್ಪಿಸ್ಬೇಡಿ" ಎಂದರು. ವಾಪಸು ಬಂದಾಗ ಬಾಗಿಲು ಜಗ್ಗಿ, ಗೆರೆ ಸಂದಿಯ ಹತ್ತಿರ ಬೆಂಕಿಕಡ್ಡಿಯಷ್ಟು ಸರಿದು ತುಂಡಾಗಿತ್ತು. ನಾವಾಗಿದ್ದರೆ ಸಾಕೆನ್ನುತ್ತಿದ್ದೆವು. ಅವರು ಎಲ್ಲವನ್ನೂ ಕಿತ್ತು ಹಾಕಿ ಮೊದಲಿಂದ ಶುರುಮಾಡಿದರು. ಮೂರನೆಯ ಸಲ ಗೆರೆ ಅಲುಗಲಿಲ್ಲ.

ಮಾರನೆಯ ವರ್ಷದ ದಸರಾ ರಜೆಯಲ್ಲಿ, ಹೊಲದ ಬದಿ ವ್ಯಾನು ನಿಲ್ಲಿಸಿಕೊಂಡು ಒಳಗೆ ಚಹಾಕ್ಕೆ ನೀರಿಟ್ಟಿದ್ದೆವು. ಮಳೆಗೆ ನೆನೆದಿದ್ದ ಮಣ್ಣು ಜರುಗಿ ವ್ಯಾನು ಎಡಕ್ಕೆ ವಾಲಿತು. ಪಕ್ಕದ ಬಾಗಿಲು ದಿಬ್ಬಕ್ಕೆ ಒತ್ತಿಕೊಂಡಿತು. ಸ್ಟೌವ್ ಉರುಳಿ ಪರದೆಗೆ ಬೆಂಕಿ ಹತ್ತಿತು. ಮನೆಯವರು ಹಿಂದಿನ ಹಿಡಿಯನ್ನು ತಿರುವಿದರು. ಎರಡು ಸೈಕಲ್ಲುಗಳನ್ನು ಹೊತ್ತುಕೊಂಡೇ ಬಾಗಿಲು ತೆರೆಯಿತು. ಹೊರಗೆ ಬಿದ್ದು, ಹಸಿ ಮಣ್ಣನ್ನು ಬಾಚಿ ಬಾಚಿ ಎರಚಿ ಬೆಂಕಿ ಆರಿಸಿದೆವು.

ಬೆಂಗಳೂರಿಗೆ ಬಂದವರು ಮನೆಗೂ ಹೋಗದೆ ಶೆಡ್ಡಿಗೆ ಹೋಗಿ ಹೇಳಿದೆವು. ಮೇಸ್ತ್ರಿಗೆ ಬೇಕಾಗಿದ್ದದ್ದು ನಮ್ಮ ಕೃತಜ್ಞತೆಯಲ್ಲ. "ಎಷ್ಟು ವಾಲಿತ್ತು? ಬಾಗ್ಲು ತಾನಾಗೇ ಬಿಚ್ಕೊಂತಾ, ತಳ್ಳಬೇಕಾಯ್ತಾ?" ಎಂದು ಕೇಳಿ ಕೇಳಿ, ನನ್ನ ಕೈಯಿಂದ ನೆಲದ ಮೇಲೆ ಚಿತ್ರ ಬರೆಸಿದರು. ಅದನ್ನೇ ನೋಡುತ್ತ ಹೇಳಿದರು:

"ಕೆಲಸ ಕಲಿತ ಹೊಸದರಲ್ಲಿ ಒಂದು ಗಾಡಿಗೆ ಹಿಂದಿನ ಬಾಗ್ಲು ಮುಚ್ಚಿಕೊಟ್ಟಿದ್ದೆ. ಓನರ್ ಹೇಳಿದ್ರು, ಮಾಡ್ಬಿಟ್ಟೆ. ಗಾಡಿ ಪಲ್ಟಿ ಹೊಡೀತು. ಒಳಗೆ ಮೂರು ಜನ ಇದ್ರು. ಇಬ್ರು ಆಚೆ ಬಂದ್ರು."

ಮನೆಯವರು ಅವರ ಕೈ ಹಿಡಿದುಕೊಂಡರು.

ಅಲ್ಲಿಂದಾಚೆ ಪ್ರತಿ ಪ್ರವಾಸ ಮುಗಿದ ಮೇಲೆ ಅವರಿಗೆ ವರದಿ ಒಪ್ಪಿಸುವುದು ರೂಢಿಯಾಯಿತು. ತುಂಗೆಯ ನೀರು ಯಾವ ಬಣ್ಣ, ಕೃಷ್ಣೆ ದಾಟಲು ದೋಣಿಗೆ ಎಷ್ಟು ಹೊತ್ತು ಬೇಕು, ಎಲ್ಲವೂ ಬೇಕು ಅವರಿಗೆ. "ನೀವೂ ಬನ್ನಿ ಮೇಸ್ತ್ರಿ" ಎಂದರೆ, "ಈ ಒಂದು ಗಾಡಿ ಮುಗೀಲಿ" ಎನ್ನುತ್ತಿದ್ದರು. ಗಾಡಿಗಳು ಮುಗಿಯಲಿಲ್ಲ. ಒಂದು ಬೇಸಿಗೆ ನಾವು ಊರಿಂದ ಬರುವಷ್ಟರಲ್ಲಿ ಶೆಡ್ಡಿಗೆ ಬೀಗ ಬಿದ್ದಿತ್ತು. ಎದೆನೋವು ಎಂದು ಕೂತವರು ಏಳಲಿಲ್ಲವಂತೆ.

ಮರ್ಫಿ ಟೌನಿನ ಮನೆಗೆ ಹೋದೆವು. ಅವರ ಹೆಂಡತಿಯನ್ನು ಅಂದೇ ಮೊದಲು ಕಂಡದ್ದು. ಆದರೆ ಆಕೆಗೆ ನಾವು ಗೊತ್ತಿದ್ದೆವು.

"ನೀವು ಹೇಳಿದ್ದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ನಂಗೆ ಹೇಳೋರು ಟೀಚರಮ್ಮಾ. ಕಾವೇರಿ ಸಮುದ್ರ ಸೇರೋ ಜಾಗ ಹೆಂಗಿರುತ್ತೆ ಅಂತ ಕೇಳ್ಬೇಕು ಅಂತಿದ್ರು. ನೀವು ನೋಡಿದೀರಾ?"

"ಇಲ್ಲಮ್ಮ," ಎಂದೆ. "ನೀವು ಬರ್ತೀರಾ?"

ಆಕೆ ನಮ್ಮ ಮನೆಯವರ ಮುಖ ನೋಡಿದರು, ನನ್ನ ಮುಖ ನೋಡಿದರು. "ಬರ್ತೀನಿ" ಎಂದರು.

ಡಿಸೆಂಬರ್ ರಜೆಯಲ್ಲಿ ಮೂವರೂ ಹೋದೆವು. ಪಾಠದಲ್ಲಿ ನಾನು ಅಷ್ಟು ದೊಡ್ಡದು ಮಾಡಿ ಹೇಳುತ್ತಿದ್ದ ನದಿ ಅಲ್ಲಿ ಮರಳಿನ ನಡುವೆ ಸಣ್ಣಗೆ ಹರಿಯುತ್ತಿತ್ತು. ಆಕೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದು, "ಸಿಹಿನೀರು ಎಲ್ಲಿಗೆ ಮುಗಿಯುತ್ತೆ?" ಎಂದು ಕೇಳಿದರು.  ಇಬ್ಬರೂ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡೆವು. ಇನ್ನೂ ಸಪ್ಪೆಯಿತ್ತು. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಬಗ್ಗಿದೆವು.