ಮೂರು ಹುಣಿ, ಒಂದು ಡಿಗ್ರಿ

ನನಗೊಂದು ವಿಚಿತ್ರ ಅಭ್ಯಾಸವಿದೆ. ಉದ್ದವಾದ, ನುಣುಪಾದ, ಅಡ್ಡ ಏನೂ ಇಲ್ಲದ ನೆಲದ ಮೇಲೆ ಸ್ವಲ್ಪ ಬಿರುಸಾಗಿ ನಡೆದರೆ, ಒಂದು ಜಾಗದಲ್ಲಿ ನನ್ನ ಬಲಗಾಲು ತಾನಾಗಿ ಮೇಲೆದ್ದು, ಅಲ್ಲಿಲ್ಲದ ಯಾವುದನ್ನೋ ದಾಟಿ ಆಚೆ ಇಳಿಯುತ್ತದೆ. ಮದುವೆ ಹಾಲ್‌ಗಳಲ್ಲಿ ಇದರಿಂದ ಬಹಳ ಮುಜುಗರ. ಮೊನ್ನೆ ಪುತ್ತೂರಿನಲ್ಲಿ ಊಟದ ಹಾಲ್‌ನ ನಡುವೆ ನಾನು ಹೀಗೆ ಹಾರಿದ್ದನ್ನು ಕಂಡ ಹೆಂಗಸೊಬ್ಬರು ನೆಲಕ್ಕೆ ಪಾಯಸ ಚೆಲ್ಲಿದೆಯೆಂದು ತಿಳಿದು ತಾವೂ ಸೆರಗು ಹಿಡಿದು ಹಾರಿದರು. ನಾನು ಹೋಗಿ ಎಲೆಯ ಮುಂದೆ ಕೂತೆ. ವಿವರಿಸುವುದಕ್ಕೆ ಹೊರಟರೆ ಎಲೆಗೆ ಬಡಿಸಿದ ಅನ್ನ ತಣ್ಣಗಾಗುತ್ತಿತ್ತು.

ನಿಮಗಾದರೆ ಹೇಳಬಹುದು, ನಿಮಗೆ ಪುರುಸೊತ್ತಿದೆ.

ನಮ್ಮ ಕಾಣಿಯೂರಿನ ಕಡೆ ಸಮತಟ್ಟು ಜಾಗ ಹಂಚುವಾಗ ದೇವರು ಸ್ವಲ್ಪ ಕೈ ಬಿಗಿ ಹಿಡಿದಿದ್ದಾನೆ. ಮನೆಯಿಂದ ಹೊರಟರೆ ಒಂದೋ ಏರು, ಇಲ್ಲವೇ ಇಳಿಜಾರು. ಚಪ್ಪಟೆಯಾಗಿದ್ದದ್ದು ಗದ್ದೆ ಮಾತ್ರ. ಶಾಲೆಯ ಓಟಗಳಲ್ಲಿ ಮೊದಲು ಬರುತ್ತಿದ್ದ ನಾನು, ಮಳೆಗಾಲದ ಬೆಳೆ ಕೊಯ್ದ ಮೇಲೆ ಅಲ್ಲೇ ಓಡುತ್ತಿದ್ದೆ. ಪಂಪು ಶೆಡ್ಡಿನಿಂದ ಆಚೆಯ ಮಾವಿನ ಮರದವರೆಗೆ ನಾಲ್ಕು ಗದ್ದೆ, ನಡುವೆ ಮೂರು ಹುಣಿ. ಹುಣಿ ಎಂದರೆ ಗದ್ದೆಯಲ್ಲಿ ನೀರು ನಿಲ್ಲಿಸುವ ಮಣ್ಣಿನ ತಡೆ. ಘಟ್ಟದ ಮೇಲಿನವರು ಬದು ಎನ್ನುತ್ತಾರೆ. ನನ್ನ ಪಾಲಿಗೆ ನೂರು ಮೀಟರ್ ಓಟವೆಂದರೆ ಮೂರು ಸಲ ಹಾರುವುದೂ ಸೇರಿದ ಓಟ. ಬೇರೆ ಬಗೆಯದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಬಿ.ಎ. ಮುಗಿದ ಮೇಲೆ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ದೈಹಿಕ ಶಿಕ್ಷಣದ ಪದವಿ ಓದಲು ನನಗೆ ಘಟ್ಟದ ಮೇಲಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಸುದ್ದಿ ಕೇಳಿ ಕುಂಬ್ರದಿಂದ ಸೋದರತ್ತೆ ಬಂದರು.

"ಓಡ್ಲಿಕ್ಕೆ ಕಲಿಯುದಕ್ಕೆ ಘಟ್ಟ ಹತ್ಬೇಕಾ? ಒಂದು ನಾಯಿ ಬಿಟ್ರೆ ಸಾಲುದಿಲ್ವಾ?" ಎಂದು ಕೇಳಿದರು.

ಅಪ್ಪ ನನ್ನತ್ತ ತಿರುಗಿ, "ಹೋಗಿ ಬಾ. ಆದ್ರೆ ಒಂದೇ ವರ್ಷ ಮಗಾ, ಎರಡನೇದು ನನ್ನಿಂದ ಆಗುದಿಲ್ಲ" ಎಂದರು. ಹಾಗೆ, ನಮ್ಮ ಕಡೆಯಿಂದ ಈ ಓದಿಗೆ ಹೊರಟ ಮೊದಲ ಹುಡುಗಿ ನೆಟ್ಟಣದಲ್ಲಿ ರೈಲು ಹತ್ತಿದಳು. ಆ ಹುಡುಗಿಯ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ, ಅವಳು ನಾನೇ ಎಂಬ ಸಂಕೋಚವನ್ನು ಬದಿಗಿಟ್ಟು ಹೇಳುತ್ತೇನೆ.

ಅತ್ತೆ ಎಣಿಸಿದಂತೆ ಅಲ್ಲಿ ಬರೀ ಓಟವಿರಲಿಲ್ಲ. ಬೆಳಿಗ್ಗೆ ಮೈದಾನ, ಆಮೇಲೆ ಇನ್ನೂರಕ್ಕೂ ಮಿಕ್ಕಿದ ಎಲುಬುಗಳ ಹೆಸರು. ಹೃದಯ ಎಷ್ಟು ರಕ್ತ ದೂಡುತ್ತದೆ, ಓಡಿದ ಮೇಲೆ ಕಾಲು ಯಾಕೆ ಉರಿಯುತ್ತದೆ, ಮೈಯ ಯಾವ ಕೀಲು ಯಾವ ವರ್ಗದ ಸನ್ನೆಗೋಲು, ಎಲ್ಲ ಓದಬೇಕಿತ್ತು. ಹೊಸ ವಿದ್ಯೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲವಷ್ಟೆ. "ನೀವು ಸಬ್ಬಲ್ ಹಾಕಿ ಕಲ್ಲು ಎಬ್ಬಿಸುತ್ತೀರಲ್ಲ, ಅದು ಮೊದಲನೆಯ ವರ್ಗದ ಸನ್ನೆ" ಎಂದು ಅಪ್ಪನಿಗೆ ಕಾಗದ ಬರೆದೆ. "ಯಾವ ವರ್ಗವಾದರೂ ಆಗಬಹುದು, ಕಲ್ಲು ಎದ್ದರೆ ಸರಿ" ಎಂದು ಮರುಟಪಾಲಿನಲ್ಲಿ ಉತ್ತರ ಬಂತು.

ಏಳದ ಕಲ್ಲೊಂದು ನನ್ನಲ್ಲೇ ಇತ್ತು. ನೂರು ಮೀಟರನ್ನು ಗೊತ್ತುಮಾಡಿದ ಸಮಯದೊಳಗೆ ಓಡದಿದ್ದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸಿಲ್ಲ, ಇನ್ನೊಂದು ವರ್ಷ ಕಾಯಬೇಕು. ಊರಿನಲ್ಲಿ ಯಾರಿಗೂ ಬಗ್ಗದ ನಾನು ಅಲ್ಲಿ ಪ್ರತಿ ಸಲವೂ ಕೂದಲೆಳೆಯಷ್ಟು ತಡ. ಒಂದು ದಿನ ಚಲನಶಾಸ್ತ್ರ ಕಲಿಸುವ ಮೇಷ್ಟ್ರು ಹದವಾಗಿ ಒದ್ದೆಯಾಗಿದ್ದ ಟ್ರ್ಯಾಕಿನಲ್ಲಿ ನನ್ನನ್ನು ಓಡಿಸಿ, ಟೇಪು ಹಿಡಿದು ನನ್ನ ಹೆಜ್ಜೆಗುರುತುಗಳನ್ನು ಅಳೆಯುತ್ತ ಹೋದರು. ಮೂರು ಕಡೆ ಹೆಜ್ಜೆ ವಿಪರೀತ ಉದ್ದವಾಗಿತ್ತು.

"ಇಲ್ಲಿ ಏನಿತ್ತಮ್ಮ?"

"ಹುಣಿ ಸರ್. ಬದು."

"ಎಲ್ಲಿ?"

"ಊರಲ್ಲಿ ಸರ್."

ಅವರು ಬಗ್ಗಿ ಒಮ್ಮೆ ನೆಲ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಹಾರಿದಾಗೆಲ್ಲ ವೇಗ ಕಳ್ಕೋತೀಯ. ಪರೀಕ್ಷೆಗೆ ಬರೋವಾಗ ನಿಮ್ಮೂರಿನ ಬದು ನಿಮ್ಮೂರಲ್ಲೇ ಬಿಟ್ಟು ಬಾ" ಎಂದರು.

ಬಿಡಬೇಕೆಂದರೆ ಬಿಡುವಂಥದ್ದೇ ಅದು? ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ದೀಪಾವಳಿಯ ರಜೆಗೆ ಮನೆಗೆ ಬಂದವಳು ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಅಪ್ಪ ವೀಳ್ಯದೆಲೆ ಅಗಿಯುತ್ತ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ನಾನು ಗದ್ದೆಗೆ ಹೋದಾಗ ಅವರು ಗುದ್ದಲಿ ಹಿಡಿದು ಮೊದಲನೆಯ ಹುಣಿ ಕಡಿಯುತ್ತಿದ್ದರು.

ಗದ್ದೆ ಬೇಸಾಯ ತಿಳಿಯದವರಿಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ಹುಣಿ ಒಂದು ದಿನದ್ದಲ್ಲ. ಅಜ್ಜನ ಕಾಲದಿಂದ ಕೆಸರು ಮೆತ್ತಿ, ತುಳಿದು, ಹುಲ್ಲು ಬೇರುಬಿಟ್ಟು ಗಟ್ಟಿಯಾದದ್ದು. ಸಿಟ್ಟಿನಲ್ಲಿ ಮತ್ತೊಬ್ಬರ ಹುಣಿ ಕಡಿದವರನ್ನು ನಮ್ಮೂರು ಕಂಡಿದೆ. ತಮ್ಮದೇ ಹುಣಿಯನ್ನು ಖುಷಿಯಲ್ಲಿ ಕಡಿದವರನ್ನು ಕಂಡಿರಲಿಲ್ಲ. ಕೇರಳದಿಂದ ಬಂದು ಪಕ್ಕದ ಗುಡ್ಡದಲ್ಲಿ ರಬ್ಬರ್ ಹಾಕಿದ್ದ ಮತ್ತಾಯಿಚೇಟ ಓಡೋಡಿ ಇಳಿದು ಬಂದರು.

"ಎಂತ ಮಾರಾಯ್ರೆ ಇದು? ಇನ್ನು ಸುಗ್ಗಿಯ ಎರಡನೇ ಬೆಳೆಗೆ ನೀರು ನಿಲ್ಲುದು ಬೇಡ್ವಾ?"

"ನೀರು ಮತ್ತೆ ನಿಲ್ತದೆ. ಇವಳು ಈಗ ಓಡ್ಬೇಕು" ಎಂದರು ಅಪ್ಪ, ಗುದ್ದಲಿ ನಿಲ್ಲಿಸದೆ.

ಮಧ್ಯಾಹ್ನದೊಳಗೆ ಮೂರು ಹುಣಿಯಲ್ಲೂ ಎರಡು ಮಾರು ಅಗಲದ ದಾರಿ ಬಿದ್ದಿತ್ತು. ಪಂಪು ಶೆಡ್ಡಿನಿಂದ ಮಾವಿನ ಮರಕ್ಕೆ ನೇರ, ಚಪ್ಪಟೆ ಹಾದಿ. ಓಡಿದೆ. ಮೂರೂ ಕಡೆ ಹಾರಿದೆ. ಮತ್ತಾಯಿಚೇಟ ಹಾವು ಗೀವು ಉಂಟಾ ಎಂದು ಬಗ್ಗಿ ನೋಡಿದರು. ನಾನು ಮಾವಿನ ಮರದ ಬುಡದಲ್ಲಿ ಕೂತು ಅತ್ತುಬಿಟ್ಟೆ. ನನ್ನಿಂದ ಹುಣಿಯೂ ಹೋಯಿತು, ಪದವಿಯೂ ಹೋಯಿತು ಅನ್ನಿಸಿತ್ತು.

ಅಪ್ಪ ಮಾತ್ರ ನಕ್ಕರು. "ಎತ್ತುಗಳದ್ದೂ ಇದೇ ಕಥೆ. ಹುಣಿ ತೆಗೆದು ಎರಡು ಗದ್ದೆ ಒಂದು ಮಾಡಿದ್ರೂ ಹಳೇ ಜಾಗಕ್ಕೆ ಬಂದ ಕೂಡ್ಲೆ ತಿರುಗ್ತವೆ. ಅದಕ್ಕೆ ಹೊಡೆದು ಪ್ರಯೋಜನ ಇಲ್ಲ, ಬೇರೆ ಕಡೆಯಿಂದ ಹೂಡ್ಬೇಕು. ನೀನು ಯಾವಾಗ್ಲೂ ಶೆಡ್ಡಿನಿಂದಲೇ ಯಾಕೆ ಹೊರಡುದು?"

ಆ ರಜೆಯಿಡೀ ದಿನಕ್ಕೊಂದು ಕಡೆಯಿಂದ ಹೊರಟೆ. ಒಂದು ದಿನ ಮಾವಿನ ಮರದಿಂದ, ಒಂದು ದಿನ ಎರಡನೆಯ ಗದ್ದೆಯ ನಡುವಿನಿಂದ, ಒಂದು ದಿನ ಓರೆಯಾಗಿ. ಕಾಲಿಗೆ ಲೆಕ್ಕ ತಪ್ಪತೊಡಗಿತು. ವಾಪಸು ಹೋದ ಮೇಲೆ ಗ್ರಂಥಾಲಯದಲ್ಲಿ ದಪ್ಪ ಪುಸ್ತಕವೊಂದರಲ್ಲಿ ಇದೇ ವಿಷಯ ಸಿಕ್ಕಿತು. ರೂಢಿಯಾದ ಚಲನೆಯನ್ನು ತಿದ್ದಲು ಸಂದರ್ಭವನ್ನು ಬದಲಿಸಬೇಕಂತೆ. ಅದಕ್ಕೆ ಅವರು ಇಡೀ ಅಧ್ಯಾಯವನ್ನೇ ಬಳಸಿದ್ದರು, ಪಾಪ, ಎತ್ತುಗಳನ್ನು ನೋಡಿರಲಿಲ್ಲ.

ಪರೀಕ್ಷೆಯ ದಿನ ಮೊದಲನೆಯ ಹುಣಿ ಬರಲಿಲ್ಲ. ಎರಡನೆಯದೂ ಬರಲಿಲ್ಲ. ಇನ್ನೇನು ಗೆದ್ದೆ ಎಂದುಕೊಂಡಾಗ ಮೂರನೆಯದು ಬಂತು. ಹಾರಿಯೇ ಗುರಿ ಮುಟ್ಟಿದೆ. ಮೇಷ್ಟ್ರು ಸ್ಟಾಪ್‌ವಾಚನ್ನು ಎರಡು ಸಲ ನೋಡಿದರು.

"ಎರಡನ್ನ ಊರಲ್ಲಿ ಬಿಟ್ಟಿದ್ದೀಯ, ಒಂದನ್ನ ಜೊತೇಲಿ ತಂದಿದ್ದೀಯ. ಇರ್ಲಿ ಬಿಡು, ಸಮಯದೊಳಗೇ ಬಂದಿದ್ದೀಯ" ಎಂದರು.

ಪ್ರಮಾಣಪತ್ರವನ್ನು ಅಪ್ಪ ಒಮ್ಮೆ ನೋಡಿ, ಮಡಚದೆ ಪೆಟ್ಟಿಗೆಯೊಳಗೆ ಇಟ್ಟರು. ಯಾರಿಗೂ ತೋರಿಸಲಿಲ್ಲ. ಅವರು ತೋರಿಸುತ್ತಿದ್ದದ್ದು ಬೇರೆ. ಕಡಿದ ಹುಣಿಯನ್ನು ಅವರು ನನ್ನ ರಜೆ ಮುಗಿದ ಕೂಡಲೇ ಕಟ್ಟಿದ್ದರು, ಆದರೆ ಹೊಸ ಮಣ್ಣು ಹಳೆಯದಕ್ಕೆ ಸರಿಯಾಗಿ ಕೂಡಲಿಲ್ಲ. ಪ್ರತಿವರ್ಷ ಆ ಮೂರು ಜಾಗದಲ್ಲಿ ನೀರು ಜಿನುಗುತ್ತಿತ್ತು, ಅಪ್ಪ ಪ್ರತಿವರ್ಷ ಕೆಸರು ಮೆತ್ತುತ್ತಿದ್ದರು. ಮನೆಗೆ ಬಂದ ನೆಂಟರಿಗೆ ಕಾಫಿ ಕೊಟ್ಟು ಗದ್ದೆಗೆ ಕರೆದುಕೊಂಡು ಹೋಗುತ್ತಿದ್ದರು.

"ಇಲ್ಲಿ ನೀರು ಸೋರುದು ನೋಡಿ. ಎಂತಕ್ಕೆ ಗೊತ್ತುಂಟಾ? ನಮ್ಮ ಮಗಳು ಡಿಗ್ರಿ ಮಾಡಿದ್ದು ಇಲ್ಲಿ."

ಕುಂಬ್ರದ ಅತ್ತೆಗೂ ಈ ದರ್ಶನ ತಪ್ಪಲಿಲ್ಲ. ಅವರು ಬಗ್ಗಿ ನೋಡಿ, ಸೀರೆ ಎತ್ತಿ ಹಿಡಿದು, ಆ ಒದ್ದೆ ಜಾಗವನ್ನು ಹಾರಿ ದಾಟಿದರು. ಹಾರಿದ್ದು ಚೆನ್ನಾಗಿಯೇ ಇತ್ತು.

ಆಮೇಲೆ ನಾನು ಹೈಸ್ಕೂಲಿನಲ್ಲಿ ಎಷ್ಟೋ ಮಕ್ಕಳ ಕಾಲು ತಿದ್ದಿದೆ, ಅದಕ್ಕಾಗಿ ಸಂಬಳವನ್ನೂ ಪಡೆದೆ. ನನ್ನ ಮೂರನೆಯ ಹುಣಿಯನ್ನು ತಿದ್ದಿಕೊಳ್ಳುವ ಉಪಾಯವೂ ನನಗೆ ಗೊತ್ತು, ಬೇರೆ ಕಡೆಯಿಂದ ಹೊರಟರಾಯಿತು. ಮನಸ್ಸು ಬಂದಿಲ್ಲ. ಅಪ್ಪ ನನಗಾಗಿ ಮೂರು ಹುಣಿ ಕಡಿದವರು. ಅದರಲ್ಲಿ ಒಂದನ್ನಾದರೂ ನಾನು ಹಾಗೇ ಇಟ್ಟುಕೊಳ್ಳಬೇಡವೇ?