ಎರಡು ನಿಮಿಷ ಕೂತೇ ಇದ್ದ ಸಾಕಮ್ಮ

“ಅಮ್ಮಾ, ಎಲ್ಲರೂ ಎದ್ದು ನಿಂತಾಗ ಸಾಕಮ್ಮ ಮಾತ್ರ ಯಾಕೆ ಕೂತೇ ಇದ್ರು? ಅವ್ರಿಗೆ ಕಾಲು ನೋವಾ?”

ಬುಧವಾರ ಸಂಜೆ ಶಿವಾನಿ ಹೀಗೆ ಕೇಳಿದಾಗ ನಾನು ಅವಳ ಸಾಕ್ಸಿನ ಕೆಮ್ಮಣ್ಣನ್ನು ಒಗೆಯುವ ಕಲ್ಲಿನ ಮೇಲೆ ಉಜ್ಜುತ್ತಿದ್ದೆ. ಅವಳು ಎರಡನೇ ಕ್ಲಾಸು. ಅವತ್ತು ಶಾಲೆಯ ಮಕ್ಕಳನ್ನೆಲ್ಲ ಪಂಚಾಯ್ತಿ ಆಫೀಸಿನ ಮುಂದೆ ಸಾಲಾಗಿ ನಿಲ್ಲಿಸಿದ್ದರು. ಹಿಂದಿನ ದಿನ ಗಾಯಕ ಚೆಲುವರಾಜು ಬೆಂಗಳೂರಿನಲ್ಲಿ ಎದೆನೋವಿನಿಂದ ತೀರಿಕೊಂಡಿದ್ದರು. ನಮ್ಮೂರಿನಲ್ಲೇ ಹುಟ್ಟಿ, ಕ್ಯಾಸೆಟ್ಟುಗಳಿಂದ ಹೆಸರು ಮಾಡಿ, ಎರಡು ಸಿನಿಮಾದಲ್ಲೂ ಮುಖ ತೋರಿಸಿದವರು. ಶಿವಾನಿ ಕೂರುವ ಕ್ಲಾಸು ಅವರು ಕಟ್ಟಿಸಿಕೊಟ್ಟದ್ದು. ಸಂತಾಪ ಸಭೆಯಲ್ಲಿ ಎರಡು ನಿಮಿಷ ಮೌನ ಎಂದಾಗ ಎಲ್ಲರೂ ಎದ್ದರಂತೆ. ನಡುವಿನ ಕುರ್ಚಿಯಲ್ಲಿದ್ದ ಪಂಚಾಯ್ತಿ ಅಧ್ಯಕ್ಷೆ ಸಾಕಮ್ಮ ಏಳಲಿಲ್ಲವಂತೆ.

“ಕಾಲು ನೋವೇ ಇರ್ಬೇಕು ಪುಟ್ಟಿ.”

“ಇಲ್ಲಮ್ಮಾ. ಆಮೇಲೆ ಬಿರಬಿರ ನಡ್ಕೊಂಡು ಹೋದ್ರು.”

ಪಕ್ಕದ ಮನೆಯ ಮಲ್ಲಾಜಮ್ಮ ಗೋಡೆಯ ಆಚೆಯಿಂದಲೇ ಕೇಳಿಸಿಕೊಂಡು ಮಾತು ಹಾಕಿದರು. “ನೋಡಿದ್ರಾ ಚನ್ನಾಜಮ್ನೋರೇ, ಕಾಲ ಹೆಂಗ್ ಬಂತು! ನಮ್ಮನೆ ಜಗಲೀಲಿ ಕುಂತ್ಕೊಳ್ಳೆ ಅಂದ್ರೂ ಕೂರ್ದೋಳು, ಅಲ್ಲಿ ಎದ್ದೇಳು ಅಂದ್ರೆ ಎದ್ದೇಳ್ನಿಲ್ವಂತೆ!”

ಅಕ್ಕಿ ಆರಿಸುತ್ತಿದ್ದ ನಮ್ಮತ್ತೆ ಚನ್ನಾಜಮ್ಮ ನಗಲಿಲ್ಲ. ಮೊರವನ್ನು ಒಂದು ಸಲ ಕೇರಿ, “ಮಗು ಇದೆ, ಬುಡಿ ಅದ್ನ” ಎಂದರು. ಮಲ್ಲಾಜಮ್ಮನ ಮಾತಿಗೆ ಅತ್ತೆ ಸೊಪ್ಪು ಹಾಕದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಏನೋ ಇದೆ ಅನ್ನಿಸಿತು. ಸಭೆಯಲ್ಲಿ ಓದಿದ ಸಂತಾಪದ ಮಾತುಗಳನ್ನು ಬರೆದುಕೊಟ್ಟವಳು ನಾನೇ.

ಅದು ಹೀಗಾಯಿತು. ಬುಧವಾರ ಬೆಳಿಗ್ಗೆ ಪಂಚಾಯ್ತಿ ಸೆಕ್ರೆಟರಿ ಸೋಮಶೇಖರ್ ಬಾಗಿಲಿಗೇ ಬಂದಿದ್ದರು. “ಮೇಷ್ಟ್ರಮ್ಮಾ, ನಿಮ್ಮ ಕೈಯಕ್ಷರ ಮುತ್ತು, ಭಾಷೆ ಅದಕ್ಕಿಂತ ಮುತ್ತು. ಅಧ್ಯಕ್ಷರ ಹೆಸರಲ್ಲಿ ನಾಲ್ಕು ಸಾಲು, ಸ್ವಲ್ಪ ಭಾರವಾಗಿ. ಪೇಪರಿಗೂ ಕಳಿಸ್ಬೇಕು.” ಕಾವಲಿಯ ಮೇಲೆ ದೋಸೆ ಇತ್ತು. ಒಂದು ಕೈಯಲ್ಲಿ ಮಗುಚುವ ಕೈ, ಒಂದು ಕೈಯಲ್ಲಿ ಪೆನ್ನು. ಮೂರು ಸಾಲು ಎಲ್ಲರೂ ಬರೆಯುವಂಥವು. ನಾಲ್ಕನೆಯದು ನನಗೇ ಇಷ್ಟವಾಗಿ, ಆಮೇಲೆ ಡೈರಿಯಲ್ಲೂ ಬರೆದಿಟ್ಟುಕೊಂಡೆ: ‘ಅವರ ದನಿಯ ನೆರಳಿನಲ್ಲಿ ಬೆಳೆದ ನಮ್ಮೂರ ಹೆಣ್ಣುಮಕ್ಕಳು ಇಂದು ಅನಾಥರಾಗಿದ್ದಾರೆ.’

ನಾನು ಈ ಊರಿಗೆ ಸೊಸೆಯಾಗಿ ಬಂದದ್ದು ತೊಂಬತ್ತೈದರಲ್ಲಿ. ಸಾಕಮ್ಮನ ಮನೆಯ ವಿಷಯ ಅದಕ್ಕೂ ಹಿಂದಿನದು. ಗುರುವಾರ ಮಧ್ಯಾಹ್ನ ಶಿವಾನಿ ಶಾಲೆಯಲ್ಲಿದ್ದಾಗ ಅತ್ತೆ ಅದನ್ನು ಹೇಳಿದರು.

ಸಾಕಮ್ಮನ ಅವ್ವ ಸತ್ತಾಗ ತಂಗಿ ಇಂದ್ರಾಣಿಗೆ ನಾಲ್ಕು ವರ್ಷ. ಸಾಕಮ್ಮನಿಗೆ ಆಗಷ್ಟೇ ಮದುವೆಯಾಗಿತ್ತು. ಗಂಡ ಮಹದೇವಯ್ಯ ನಾಲೆಯ ನೀರುಗಂಟಿ, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ತಿರುಗಿಸಬೇಕು ಎಂದು ನೋಡಿಕೊಳ್ಳುವವರು. ಇಬ್ಬರೂ ಸೇರಿ ಆ ಮಗುವನ್ನು ಮಗಳಂತೆ ಸಾಕಿದರು. ಸಾಕಮ್ಮ ನಾಟಿಗೆ ಹೋದರೆ ತಂಗಿಯೂ ಬದುವಿನ ಮೇಲೆ. ದೊಡ್ಡವಳಾದ ಮೇಲೆ ತಂಗಿ ಗದ್ದೆಗಿಳಿದು ಪದ ಎತ್ತಿಕೊಟ್ಟರೆ ಇಪ್ಪತ್ತು ಹೆಂಗಸರು ಸೊಲ್ಲು ಕೂಡಿಸುತ್ತಿದ್ದರಂತೆ. “ನಮ್ ಗದ್ದೇಲೂ ಹಾಡವ್ಳೆ ಕಣೆ. ಅವಳು ಹಾಡ್ತಾ ಇದ್ರೆ ಊಟಕ್ಕೆ ಎದ್ದು ಬನ್ನಿ ಅನ್ನೋಕೂ ಮನಸ್ ಬತ್ತಿರ್ಲಿಲ್ಲ” ಎಂದರು ಅತ್ತೆ.

ಆ ದನಿಯನ್ನು ಚೆಲುವರಾಜು ಕೇಳಿದ. ಕ್ಯಾಸೆಟ್ಟಿನಲ್ಲಿ ಹಾಡಿಸಿದ. ನಂಜನಗೂಡಿನಿಂದ ಹುಲ್ಲಹಳ್ಳಿಗೆ ಬರುವ ಬಸ್ಸುಗಳಲ್ಲಿ ಇವತ್ತಿಗೂ ಹಾಕುವ ಆ ಜೋಡಿ ಪದಗಳಲ್ಲಿನ ಹೆಣ್ಣುದನಿ ಇಂದ್ರಾಣಿಯದು. ಎಷ್ಟು ಸಲ ಕೇಳಿದ್ದೇನೆ ನಾನು! ಕವರಿನ ಮೇಲೆ ಅವನೊಬ್ಬನದೇ ಫೋಟೋ, ಅವನೊಬ್ಬನದೇ ಹೆಸರು.

ತೊಂಬತ್ತೊಂದರಲ್ಲಿ ಟಿ. ನರಸೀಪುರದಲ್ಲಿ ಒಂದು ಕಾರ್ಯಕ್ರಮ. ವಾಪಸು ಬರುವಾಗ ಕಾರಿನಲ್ಲಿ ಅವನು ತನಗೆ ಏನು ಮಾಡಿದ ಎನ್ನುವುದನ್ನು ಹತ್ತೊಂಬತ್ತು ವರ್ಷದ ಇಂದ್ರಾಣಿ ಅಕ್ಕನಿಗೆ ಹೇಳಿದಳು. ಅಕ್ಕ ಅವಳ ಕೈ ಹಿಡಿದುಕೊಂಡು ಪೊಲೀಸ್ ಸ್ಟೇಷನ್ನಿಗೆ ನಡೆದಳು. ಚೆಲುವರಾಜು ಹನ್ನೊಂದು ದಿನ ಒಳಗಿದ್ದ. ಆಮೇಲೆ ಕಾರಿನ ಡ್ರೈವರ್ ‘ನಾನೇನೂ ನೋಡಿಲ್ಲ’ ಎಂದ, ತಬಲಾದವನು ‘ಆ ಹುಡುಗಿ ಕಾರು ಹತ್ತೇ ಇರಲಿಲ್ಲ’ ಎಂದ, ಕೇಸು ಬಿದ್ದುಹೋಯಿತು. ಊರು ಅವನಿಗೆ ಹಾರ ಹಾಕಿ ಕರೆತಂದಿತು. ಇಂದ್ರಾಣಿಗೆ ‘ಸುಳ್ಳಿ’ ಎಂದು ಹೆಸರಿಟ್ಟಿತು. ನಲ್ಲಿಯ ಹತ್ತಿರ, ಗದ್ದೆಯಲ್ಲಿ, ಎಲ್ಲಿ ಹೋದರೂ ಸುಳ್ಳಿ ಬಂದ್ಲು, ಸುಳ್ಳಿ ಹೋದ್ಲು. ನರಸೀಪುರದ ಆಚೆಯ ಹಳ್ಳಿಯ ರವಿಕುಮಾರ್ ಎಂಬಾತ ಎಲ್ಲ ತಿಳಿದೇ ಮದುವೆಯಾದ. ‘ಈ ಊರಲ್ಲಿ ಒಬ್ರಾದ್ರೂ ನಾನು ಸುಳ್ಳಿ ಅಲ್ಲ ಅನ್ನೋಗಂಟ ಕಾಲಿಡಾಕಿಲ್ಲ’ ಎಂದು ಹೋದವಳು ಹನ್ನೆರಡು ವರ್ಷ ಈ ಕಡೆ ಬಂದಿಲ್ಲ. ಹಾಡುವುದನ್ನೂ ಬಿಟ್ಟಳಂತೆ.

“ನೀವೂ ಹಾಗೆ ಕರೀತಿದ್ರಾ ಅತ್ತೆ?”

ಅತ್ತೆ ಮೊರದಲ್ಲಿ ಕಲ್ಲು ಹುಡುಕಿದರು. “ಎಲ್ಲರೂ ಕರೀತಿದ್ರು” ಎಂದರು.

ನಾನು ಕಂಡ ಸಾಕಮ್ಮ ಅಧ್ಯಕ್ಷೆಯಾದ ಸಾಕಮ್ಮ. ಕಳೆದ ವರ್ಷ ಅವರ ಜನದ ಹೆಂಗಸಿಗೆ ಸ್ಥಾನ ಮೀಸಲಾದಾಗ, ಹೇಳಿದ ಕಡೆ ಸಹಿ ಹಾಕುತ್ತಾರೆ ಎಂದೇ ಎಲ್ಲರೂ ಸೇರಿ ಕೂರಿಸಿದ್ದು. ಆದರೆ ಆ ಹೆಂಗಸು ಕಾಗದದ ಮೇಲೆ ಅಂಗೈ ಊರಿ, “ಏನ್ ಬರ್ದದೆ ಓದಿ ಸಾ” ಅನ್ನುತ್ತಿದ್ದರು. ಓದಿದ್ದು ಅರ್ಥವಾಗದಿದ್ದರೆ ಇನ್ನೊಂದು ಸಲ. ಉಪಾಧ್ಯಕ್ಷ ಗುರುಮಲ್ಲಪ್ಪ ಆಕೆಯನ್ನು ‘ಓದಿ ಸಾ’ ಎಂದೇ ಅಣಕಿಸುತ್ತಾರೆ. ಕೆಳಗಿನ ಬೀದಿಗೆ ನಲ್ಲಿ ಬಂದದ್ದು ಅವರಿಂದ. ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ಶಿವಾನಿಗೆ ಜ್ವರ ಬಂದಾಗ ತಾವೇ ಬಂದು, ಸೀರೆ ಎತ್ತಿ ಕಟ್ಟಿ, ಎಲ್ಲಿ ಕಟ್ಟಿದೆ ಎಂದು ಕೋಲು ಹಾಕಿ ನೋಡಿದರು. ಕಾಫಿ ಕೊಟ್ಟರೆ ಮೆಟ್ಟಿಲ ಕೆಳಗೆ ನಿಂತೇ ಕುಡಿದು, ಲೋಟ ತೊಳೆದಿಟ್ಟು ಹೋದರು. ಬೇಡ, ನಾನು ತೊಳೆಯುತ್ತೇನೆ ಎನ್ನಬೇಕೆಂದುಕೊಂಡೆ. ಅತ್ತೆ ನೋಡುತ್ತಿದ್ದರು. ಅನ್ನಲಿಲ್ಲ.

ಅಂಥವರು ಓದಿಸದೆ ಸಹಿ ಹಾಕಿದ್ದು ಒಂದೇ ಸಲ, ಹೋದ ಭಾನುವಾರ. ಮಗಳು ಮಧುಶ್ರೀಯ ಮದುವೆ ಮುಂದಿನ ತಿಂಗಳಿದೆ. ತಂಗಿಯನ್ನು ಕರೆಯಲು ಎಲೆ ಅಡಿಕೆ, ಕುಂಕುಮ ಹಿಡಿದು ನರಸೀಪುರಕ್ಕೆ ಹೊರಟಿದ್ದರು. ಬಸ್ಸು ಹತ್ತಿ ಕೂತಾಗಿತ್ತು. ಕಿಟಕಿಯಲ್ಲಿ ಸೋಮಶೇಖರ್ ಲೆಟರ್‌ಹೆಡ್ಡಿನ ಖಾಲಿ ಹಾಳೆ ಚಾಚಿದರು. “ಚರಂಡಿದು ಕಣಮ್ಮ, ಎಮ್ಮೆಲ್ಲೆ ಆಫೀಸಿಗೆ. ಆಮೇಲೆ ಟೈಪ್ ಮಾಡಿಸ್ತೀನಿ.” ಕಂಡಕ್ಟರ್ ಸೀಟಿ ಊದಿದ. ಸಾಕಮ್ಮ ಸಹಿ ಹಾಕಿಬಿಟ್ಟರು.

ಮಂಗಳವಾರ ಚೆಲುವರಾಜು ಸತ್ತ. ಬುಧವಾರ ನನ್ನ ನಾಲ್ಕು ಸಾಲು ಆ ಸಹಿಯ ಮೇಲೆ ಟೈಪಾಗಿ ಪೇಪರಿಗೆ ಹೋಯಿತು. ಗುರುವಾರದ ಪೇಪರಿನಲ್ಲಿ ‘ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಸಾಕಮ್ಮ ಸಂತಾಪ’ ಎಂಬ ತಲೆಬರಹ. ಕೆಳಗೆ, ಹೆಣ್ಣುಮಕ್ಕಳು ಅನಾಥರಾಗಿದ್ದಾರೆ.

ಅತ್ತೆ ಕಥೆ ಮುಗಿಸಿದ ಮೇಲೆ ನಾನು ಆ ಪೇಪರನ್ನು ಮತ್ತೆ ತೆಗೆದು ಓದಿದೆ.

ಸಂಜೆ ಇವರು ಶಾಲೆಯಿಂದ ಬಂದಾಗ ಎಲ್ಲ ಹೇಳಿದೆ. ನಮ್ಮೆಜಮಾನರು ಬಸವಪ್ರಸಾದ್ ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎಲ್ಲವನ್ನೂ ತೂಗಿ ಮಾತಾಡುವವರು.

“ನೋಡು, ಆಕೆ ಬರೀ ಸಾಕಮ್ಮ ಅಲ್ಲ, ಅಧ್ಯಕ್ಷೆ. ಊರಿನ ಹೆಸರು ಹೇಳ್ಕೊಂಡು ಮೆರೆದವನು ಸತ್ತಾಗ ಪಂಚಾಯ್ತಿ ಒಂದು ಮಾತು ಹೇಳ್ಬೇಕಾಗುತ್ತೆ. ಕುರ್ಚಿಗೆ ಸ್ವಂತ ಸಿಟ್ಟು ಇರಬಾರದು.”

“ಮಾತು ಹೇಳ್ಲಿ, ಬೇಡ ಅಂದೋರ್ಯಾರು? ಶಾಲೆ ಕಟ್ಟಿಸಿದ್ದು ಹೇಳಿದ್ಮೇಲೆ ಕೇಸು ಆಗಿದ್ದೂ ಹೇಳ್ಬೇಕಲ್ವಾ?”

“ಸತ್ತ ಮನೇಲಿ ಅದನ್ನ ಹೇಳ್ತಾರೇನೆ?”

“ಹಾಗಾದ್ರೆ ಆಕೆ ಸುಮ್ಮನೆ ಕೂತಿದ್ದೇ ಸರಿ ಅಲ್ವಾ? ಕೆಟ್ಟದ್ದೂ ಆಡ್ಲಿಲ್ಲ, ಒಳ್ಳೇದೂ ಆಡ್ಲಿಲ್ಲ.”

ಇವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ನೂರು ಜನ ಎದ್ದು ನಿಂತಾಗ ಒಬ್ಬರು ಕೂತ್ರೆ ಅದು ಸುಮ್ಮನಿರೋದಲ್ಲ. ಅದೇ ದೊಡ್ಡ ಮಾತು. ಅದಕ್ಕೇ ಊರು ಉರ್ಕೊಂಡಿರೋದು.” ಚೆನ್ನಾಗಿ ಬರೆಯುತ್ತೇನೆ ಎಂಬ ಜಂಬದಲ್ಲಿ ತಿಳಿಯದವರ ಬಗ್ಗೆ ನಾಲ್ಕು ಸಾಲು ಬರೆದ ನಾನು, ಆ ಎರಡು ನಿಮಿಷವನ್ನು ತೂಗಲು ಯಾರು ಅನ್ನಿಸಿತು.

ಶುಕ್ರವಾರ ಗುರುಮಲ್ಲಪ್ಪ ಅವಿಶ್ವಾಸಕ್ಕೆ ಸದಸ್ಯರ ಸಹಿ ಕೂಡಿಸತೊಡಗಿದರು.

ಇವತ್ತು ಶನಿವಾರ. ಅರ್ಧ ದಿನದ ಶಾಲೆಗೆ ಶಿವಾನಿಯನ್ನು ಕಳಿಸಿ ಜಡೆ ಬಿಚ್ಚಿಕೊಂಡು ಕೂತಿದ್ದೆ. ಹಿತ್ತಲ ಬಾಗಿಲಲ್ಲಿ ಸಾಕಮ್ಮ. ಕೈಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್.

“ಅವ್ವಾ, ಪುರ್ಸೊತ್ತಾಗಿದ್ದೀರಾ?”

“ಒಳಗೆ ಬನ್ನಿ” ಎಂದೆ. ಅವರು ಅತ್ತೆಯ ಕಡೆ ನೋಡಿದರು. ಅತ್ತೆ ಎದ್ದು ದೇವರ ಕೋಣೆಗೆ ಹೋದರು. ಸಾಕಮ್ಮ ಹೊಸ್ತಿಲ ಒಳಗೆ, ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನೂ ಕುರ್ಚಿ ಬಿಟ್ಟು ಕೆಳಗೆ ಕೂತೆ.

“ಆ ಸಾಲು ಬರೆದದ್ದು ನಾನು” ಎಂದೆ. ಮೊದಲು ಅದನ್ನೇ ಹೇಳಬೇಕಿತ್ತು. “ನನಗೆ ಗೊತ್ತಿರಲಿಲ್ಲ, ಸಾಕಮ್ಮ.”

“ತಿಳೀತು ಕಣವ್ವ. ಸಭೇಲಿ ಓದಿ ಆದ್ಮೇಲೆ ಸೆಕ್ರೆಟರಿ ನಗಾಡ್ಕೊಂಡು ಯೋಳಿದ್ರು, ಸಾಲು ಹೆಂಗದೆ ನೋಡಿ, ಮೇಷ್ಟ್ರಮ್ಮಾರು ಬರ್ದಿದ್ದು ಅಂತ. ಆ ಸಾಲು ಕೇಳೋಗಂಟ ನಾನು ಎದ್ದೇಳ್ಬೇಕು ಅಂತ್ಲೇ ಇದ್ದೆ.”

“ಹೌದಾ?”

“ಊಂ. ಸತ್ತೋನು ಸತ್ತ. ಇಸ್ಕೂಲ್ ಕಟ್ಸವ್ನೆ, ಮಕ್ಳು ನಿಂತವೆ, ನಿಂತ್ರಾಯ್ತು ಅಂದ್ಕೊಂಡಿದ್ದೆ. ಎಣ್ಮಕ್ಳು ಅನಾಥ್ರಾದ್ರು ಅಂತ ಓದಿದ್ರಲ್ಲಾ, ಕಾಲು ಒಪ್ನಿಲ್ಲ. ಕುರ್ಚಿ ಪಂಚಾಯ್ತಿದೆ ದಿಟ. ಕಾಲು ನನ್ನವಲ್ವಾ?”

ನಾನು ತಲೆ ತಗ್ಗಿಸಿದೆ. ಅವರು ನನ್ನ ಬಿಚ್ಚಿದ ಜಡೆಯನ್ನೇ ನೋಡುತ್ತ ಮುಂದುವರಿಸಿದರು.

“ಭಾನ್ವಾರ ಕರ್ಯಕ್ಕೋದಾಗ ಅವಳು ಮದ್ವೆಗೆ ಬತ್ತೀನಿ ಅಂದಿದ್ಲು ಕಣವ್ವ. ಅನ್ನೆಲ್ಡು ವರ್ಸ ಆದ್ಮೇಲೆ. ಅಧ್ಯಕ್ಷಿಣಿ ಮನೆಗೆ ಬಂದ್ರೆ ಯಾರೇನಂದಾರು ಅಂತ ನಾನೇ ಧೈರ್ಯ ಯೋಳಿದ್ದೆ. ನಿನ್ನೆ ಅವಳ ಗಂಡ ಅಂಗಡಿಗೆ ಫೋನ್ ಮಾಡಿದ್ದ. ‘ಅತ್ಗೆ, ನಿಮ್ ಎಸ್ರು ಪೇಪರ್ನಾಗೆ ಬಂದದೆ. ಅಕ್ಕನೂ ಅವನ ಕಡೆ ಆದ್ಲು ಅಂತ ಒಲೆ ಮುಂದೆ ಕುಂತವ್ಳೆ, ಮದ್ವೆಗೆ ಬರಾಕಿಲ್ಲ ಅಂತಾಳೆ’ ಅಂದ. ನಾನು ಎದ್ದೇಳ್ನಿಲ್ಲ ಕಣಪ್ಪಾ ಅಂದ್ರೆ, ಪೇಪರ್ನಾಗೆ ಅಂಗೇನೂ ಇಲ್ವಲ್ಲ ಅಂತಾನೆ. ಅವಳನ್ನ ಕರಿ ಅಂದೆ. ಫೋನಿಗೆ ಬರ್ನಿಲ್ಲ.”

ಇನ್‌ಲ್ಯಾಂಡ್ ಲೆಟರನ್ನು ನೆಲದ ಮೇಲಿಟ್ಟು, ಅಭ್ಯಾಸದಂತೆ ಅಂಗೈ ಊರಿದರು.

“ಇದ್ರಲ್ಲಿ ಅವಳಿಗೆ ಬರ್ದುಕೊಡಿ. ಬಸ್ನಾಗೆ ಖಾಲಿ ಕಾಗದಕ್ಕೆ ಸಹಿ ಆಕ್ದೆ ಅಂತ. ಅದ ಓದಿದ್ರೆ ಸಾಯ್ತಿದ್ದೆ, ಸಹಿ ಆಕ್ತಿರ್ಲಿಲ್ಲ ಅಂತ. ಎದ್ದೇಳ್ನಿಲ್ಲ ಅಂತ.”

“ಇದು ಗುರುಮಲ್ಲಪ್ಪನ ಕೈಗೆ ಸಿಕ್ಕಿದ್ರೆ? ಅಧ್ಯಕ್ಷೆ ಖಾಲಿ ಹಾಳೆಗೆ ಸಹಿ ಹಾಕ್ತಾರೆ ಅಂತ ಅದನ್ನೇ ಹಿಡ್ಕೋತಾರೆ. ನೋಡ್ಕೊಂಡು ಬರೀಬೇಕು.”

“ಕುರ್ಚಿ ಓಗ್ಲಿ ಬುಡಿ ಅವ್ವ. ನಾಟಿಗೆ ಓದ್ರೆ ಬೇಡ ಅಂತಾರಾ?” ನಕ್ಕರು. ನಗು ಅಲ್ಲೇ ನಿಂತಿತು. “ತಂಗಿ ಓದ್ರೆ ನಂಗೆ ಇನ್ನೊಬ್ಳಿಲ್ಲ.”

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಒಂದು ಸಾಲನ್ನೂ ಚೆಂದ ಮಾಡಲು ಹೋಗಲಿಲ್ಲ. ಮುಗಿಸಿ ಎರಡು ಸಲ ಓದಿ ಹೇಳಿದೆ. ಸಾಕಮ್ಮ ರವಿಕೆಯೊಳಗಿಂದ ತಮ್ಮ ಪೆನ್ನು ತೆಗೆದು, ಮೂರು ಅಕ್ಷರಗಳನ್ನು ಒತ್ತಿ ಒತ್ತಿ ಬರೆದರು. ಕಾಗದ ಮಡಿಸಲು ಕೈ ಚಾಚಿದೆ. ಅವರು ಅಂಗೈ ಎತ್ತಲಿಲ್ಲ.

“ಇನ್ನೊಂದು ಉಪಕಾರ ಕಣವ್ವ. ಇಲ್ಲ ಅಂದ್ರೆ ಬೇಜಾರಿಲ್ಲ, ಮೇಷ್ಟ್ರು ಕೆಲ್ಸ ಅದೆ, ಮಗು ಅದೆ, ನಿಮಗೂ ಊರು ಅದೆ. ಕೆಳಗೆ ಇಷ್ಟು ಜಾಗ ಉಳ್ದದೆ ನೋಡಿ. ಆ ಸಾಲು ನೀವು ಬರ್ದಿದ್ದು, ತಿಳೀದೆ ಬರ್ದಿದ್ದು ಅಂತ ಬರೀರಿ. ಇಂದ್ರಾಣಿ ಸುಳ್ಳಿ ಅಲ್ಲ ಅಂತ ಬರೀರಿ. ಬರ್ದು, ನಿಮ್ ಎಸ್ರು, ಮನೆ ಎಸ್ರು, ಬೀದಿ ಎಸ್ರು ಆಕಿ. ನಾನು ಯೋಳಿದ್ರೆ ಅಕ್ಕ ಯೋಳ್ದಂಗೆ. ಈ ಬೀದಿಯಿಂದ ಒಬ್ರು ಯೋಳಿದ್ರೆ ಅವಳು ಬತ್ತಾಳೆ.”