ಪರಸಪ್ಪ ಪೈಲ್ವಾನರ ಬೆನ್ನು

ಹೋದ ವಾರ ಒಂದು ಬೆಳಿಗ್ಗೆ ಅಪರಿಚಿತರೊಬ್ಬರು ಫೋನ್ ಮಾಡಿ ತಮ್ಮ ಬೆನ್ನಿನ ಬಗ್ಗೆ ವಿಚಾರಿಸಿದರು.

ನಾನು ಡಾಕ್ಟರಲ್ಲ. ಹಾಗಂತ ಹೇಳಿದೆ ಕೂಡ.

"ಗೊತ್ತೈತ್ರಿ ಸರ. ಪೇಪರಿನ್ಯಾಗ ಬರಿಯವ್ರು ನೀವು. ನನ್ನ ಬೆನ್ನ ನೀವು ನೋಡೀರಿ. ಅದಕ್ಕ ಕೇಳಾಕತ್ತೇನಿ" ಎಂದಿತು ಆ ಕಡೆಯ ದನಿ. ನಿಧಾನವಾದ, ಬಾವಿಯೊಳಗಿಂದ ಎದ್ದು ಬಂದಂಥ ದನಿ.

ನನಗೆ ಪರಿಚಯದವರ ಮುಖವೇ ನೆನಪಿರುವುದಿಲ್ಲ. ಇನ್ನು ಬೆನ್ನು?

ಮಾತಾಡುತ್ತಿದ್ದವರು ಪರಸಪ್ಪ ಪೈಲ್ವಾನರು. ಮೂಲತಃ ಖಾನಾಪುರ ತಾಲ್ಲೂಕಿನವರು. ಈಗ ಇಲ್ಲೇ ಮಹಾಂತೇಶ ನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ನಮ್ಮ ಭಾಗದಲ್ಲಿ ಸ್ವಲ್ಪ ವಯಸ್ಸಾದವರ ಮುಂದೆ ಅವರ ಹೆಸರು ಹೇಳಿದರೆ ಸಾಕು, "ಬೆನ್ನಿಗೆ ಮಣ್ಣು ಹತ್ತದ ಪರಸಪ್ಪ" ಎಂದು ಉಳಿದದ್ದನ್ನು ಅವರೇ ಸೇರಿಸುತ್ತಾರೆ. ಮಣ್ಣಿನ ಕುಸ್ತಿಯ ನಿಯಮ ಸರಳ. ಎರಡೂ ಹೆಗಲು ನೆಲಕ್ಕೆ ತಾಗಿದರೆ ಚಿತ್, ಅಂದರೆ ಸೋತಂತೆ. ಪರಸಪ್ಪ ಎಂದೂ ಚಿತ್ ಆದವರಲ್ಲ. ಊರೂರಿನ ಕಣಗಳಿಗೆ ಅವರನ್ನು ಕರೆಸಿದ್ದು, ಹಲಗೆ ಬಾರಿಸಿ ಮೆರೆಸಿದ್ದು, ಕಡೆಗೆ ಹೆಣ್ಣು ಕೊಟ್ಟದ್ದು ಎಲ್ಲವೂ ಆ ಬೆನ್ನನ್ನು ನೋಡಿಯೇ.

ಕೆಲವು ವಾರಗಳ ಹಿಂದೆ ಇದೇ ಅಂಕಣದಲ್ಲಿ ನಾನು ಬಾಲ್ಯದ ಸಂಜೆಗಳ ಬಗ್ಗೆ ಬರೆದಿದ್ದೆ. (ನೆನಪಿದ್ದರೆ ನೀವು ನನಗಿಂತ ವಾಸಿ.) ಖಾನಾಪುರದ ಮೈದಾನ. ಎರಡನೇ ಇಯತ್ತೆಯ ನಾನು ಅಪ್ಪನ ಹೆಗಲ ಮೇಲೆ. ಕಣದಲ್ಲಿ ಪರಸಪ್ಪ ಮತ್ತು ಕೊಲ್ಹಾಪುರದ ಕಡೆಯ ಒಬ್ಬ ಭಾರೀ ಪೈಲ್ವಾನ. ಎಷ್ಟು ಹೊತ್ತಾದರೂ ಯಾರೂ ಬೀಳಲಿಲ್ಲ. ಹೊತ್ತು ಮುಳುಗಿ ಕಣ್ಣು ಕಾಣದಂತಾದಾಗ ಪಂಚರು ನಡುವೆ ನುಗ್ಗಿ ಕುಸ್ತಿಯನ್ನು ಸಮ ಎಂದು ಬಿಡಿಸಿದರು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಲೇಖನ ಚೆಂದವಾಗಿ ಮುಗಿಯಬೇಡವೇ? ಒಂದು ಸಾಲು ಸೇರಿಸಿದೆ: ಕಣ ಬಿಟ್ಟು ಹೊರಟ ಪರಸಪ್ಪನ ಬೆನ್ನಿನ ಮೇಲೆ ಕೆಂಪು ಮಣ್ಣು ಇಳಿಬಿಸಿಲಿಗೆ ಹೊಳೆಯುತ್ತಿತ್ತು.

ಮಗಳು ಸುಮಿತ್ರಾ ಅದನ್ನು ಅಪ್ಪನಿಗೆ ಓದಿ ಹೇಳಿದ್ದಾರೆ. ಅಂದಿನಿಂದ ಪರಸಪ್ಪನವರಿಗೆ ಸಮಾಧಾನವಿಲ್ಲ.

ನಾನು ಅವರ ಮನೆಗೆ ಹೋದೆ. ಕುರ್ಚಿಯ ಬೆನ್ನಿಗೆ ಒರಗದೆ, ಈಗಷ್ಟೇ ನೆಟ್ಟ ಕಂಬದಂತೆ ಕುಳಿತಿದ್ದರು. ಕಿವಿಗಳು ಮುದುಡಿ ಒಣಗಿದ ಅಂಜೂರದ ಹಾಗಿದ್ದವು. ಚಹಾ ಬಂತು. ಅದು ಆರುವವರೆಗೂ ಅವರು ಆ ಸಂಜೆಯ ಕಥೆ ಹೇಳಿದರು. ಆ ಕುಸ್ತಿಯ ಕೊನೆ ಅವರಿಗೆ ಗೊತ್ತೇ ಇಲ್ಲವಂತೆ! ಎದುರಾಳಿಯ ತೋಳು ಕುತ್ತಿಗೆಯ ಸುತ್ತ ಬಿದ್ದದ್ದು ನೆನಪಿದೆ. ಆಮೇಲೆ ಲೋಕ ಆರಿಹೋಯಿತು. ಎಚ್ಚರವಾದಾಗ ಕಣದ ಹೊರಗೆ, ನಿಂತೇ ಇದ್ದರು. ಗುರುಗಳಾದ ವಸ್ತಾದರು ತಮ್ಮ ರುಮಾಲಿನಿಂದ ಬೆನ್ನು ಒರೆಸಿ, ಅದನ್ನೇ ಹೊದಿಸಿ, ಅಪ್ಪಿಕೊಂಡು, ಸಮ ಆಯಿತು ಎಂದರು. ಗೆಲ್ಲಲಿ, ಸೋಲಲಿ, ಶಿಷ್ಯನ ಬೆನ್ನನ್ನು ತಾವೇ ಒರೆಸುವುದು ಆ ವಸ್ತಾದರ ಪದ್ಧತಿ. ಹಾಗಾಗಿ ರುಮಾಲಿನಿಂದಲೂ ಏನೂ ತಿಳಿಯುವಂತಿಲ್ಲ.

ಈಗ ವಸ್ತಾದರಿಲ್ಲ. ಎದುರಾಳಿಯಿಲ್ಲ. ಪಂಚರಿಲ್ಲ. ಹಲಸಿಯ ಹತ್ತಿರ ಶಿಷ್ಯರೆಲ್ಲ ಕೂಡಿ ಹೊಸ ತಾಲೀಮು, ಅಂದರೆ ಗರಡಿಮನೆ, ಕಟ್ಟಿಸಿದ್ದಾರೆ. ಗೋಡೆಯ ಮೇಲೆ ಇವರ ಫೋಟೊ. ಅದರ ಕೆಳಗೆ "ಬೆನ್ನಿಗೆ ಮಣ್ಣು ಹತ್ತದವರು" ಎಂದು ಬರೆಸುತ್ತಾರೆ. ರವಿವಾರ ಉದ್ಘಾಟನೆ.

"ಮಂದಿ ಬಾಯಾಗ ಇದ್ರ ಇರಲಿ ಸರ, ಗಾಳಿಗಿ ಹೋಕ್ಕತಿ. ಗ್ವಾಡಿ ಮ್ಯಾಲ ಸುಳ್ಳ ಬ್ಯಾಡ. ಬೆನ್ನ ಮ್ಯಾಲ ಮಣ್ಣ ನೋಡೇನಿ ಅಂದವ್ರು ನೀವೊಬ್ರ. ಮಣ್ಣ ಒಂದ ಹೆಗಲಿಗಿತ್ತೋ, ಎರಡಕ್ಕೂ ಇತ್ತೋ? ಅಷ್ಟ ಹೇಳ್ರಿ."

ಒಂದಾದರೆ ಆಯುಷ್ಯವಿಡೀ ಗೆದ್ದಂತೆ. ಎರಡಾದರೆ?

ಸುಮಿತ್ರಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅಪ್ಪ ಅಂಗಾತ ಮಲಗಿದ್ದನ್ನು ತಾವು ಹುಟ್ಟಿದಾಗಿನಿಂದ ನೋಡಿಲ್ಲ ಎಂದರು. ಯಾವಾಗಲೂ ಮಗ್ಗುಲಾಗಿಯೇ ನಿದ್ದೆ. ಒಮ್ಮೆ ದವಾಖಾನೆಯಲ್ಲಿ ಸ್ಕ್ಯಾನ್ ಮಾಡಲು ಅಂಗಾತ ಮಲಗಿ ಎಂದಿದ್ದಕ್ಕೆ ಅಂಗಿ ಹಾಕಿಕೊಂಡು ಮನೆಗೆ ಬಂದುಬಿಟ್ಟರಂತೆ. ಯಾಕ್ರೀ ಎಂದು ಕೇಳಿದೆ. ರೂಢಿ ಎಂದರು ಪೈಲ್ವಾನರು, ಕಿಟಕಿಯ ಕಡೆ ನೋಡುತ್ತ.

ಮನೆಗೆ ಬಂದು ಕಣ್ಣು ಮುಚ್ಚಿ ಕುಳಿತೆ. ಮೈದಾನ ಬಂತು. ಅಪ್ಪನ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಧೂಳು ಚಿನ್ನದ ಹೊಗೆಯಂತೆ ಎದ್ದು ತೇಲಿತು. ಅದರೊಳಗಿಂದ ಒಂದು ಬೆನ್ನು ದೂರ ಹೋಯಿತು. ಎಷ್ಟು ಸ್ಪಷ್ಟ! ಆದರೆ ನನ್ನನ್ನು ಹಾಳು ಮಾಡಿದ್ದು ಧಾರವಾಡದ ಓದು. ಸ್ಪಷ್ಟವಾಗಿದ್ದಷ್ಟೂ ಅನುಮಾನಿಸು ಎಂದು ಅಲ್ಲಿ ಕಲಿಸಿ ಕಳಿಸಿದ್ದಾರೆ. ಹೊತ್ತು ಮುಳುಗಿದ್ದಕ್ಕೇ ಅಲ್ಲವೇ ಕುಸ್ತಿ ಬಿಡಿಸಿದ್ದು? ಹಾಗಾದರೆ ನನ್ನ ಸಾಲಿನ ಇಳಿಬಿಸಿಲು ಎಲ್ಲಿಂದ ಬಂತು?

ಅಕ್ಕನಿಗೆ ಫೋನ್ ಮಾಡಿದೆ. ಆಕೆ ನಕ್ಕಳು. "ನೀ ಎಲ್ಲಿ ಹೋಗಿದ್ಯೋ? ಅವತ್ತ ಜ್ವರಾ ಬಂದು ಮನ್ಯಾಗ ಮಲಗಿದ್ದಿ. ಅಪ್ಪ ಬಂದು ಹೇಳಿದ್ದ ಕೇಳೀದಿ."

ಗುಂಡಿಯ ಮೇಲೆ ಹಾಸಿದ ಚಾಪೆಯ ಮೇಲೆ ಕಾಲಿಟ್ಟಂತಾಯಿತು. ಅಪ್ಪನ ಹೆಗಲೂ ಸುಳ್ಳೇ? (ಅಕ್ಕನ ನೆನಪನ್ನಾದರೂ ಹೇಗೆ ನಂಬಲಿ? ನಾನು ಹುಟ್ಟಿದ ದಿನ ಜಡಿಮಳೆ ಎನ್ನುತ್ತಾಳೆ. ಸುಡುಬಿಸಿಲು ಎನ್ನುತ್ತಿದ್ದಳು ಅವ್ವ.)

ಗೋಡೆಗೆ ಬರೆಸುವ ಮೊದಲೇ ಉತ್ತರ ಬೇಕೆಂದು ಪೈಲ್ವಾನರು ಕರೆದದ್ದಕ್ಕೆ, ಶನಿವಾರ ಸುಮಿತ್ರಾ ಅವರ ಕಾರಿನಲ್ಲಿ ಮೂವರೂ ತಾಲೀಮಿಗೆ ಹೊರಟೆವು. ದಾರಿಯಲ್ಲೇ ಹೇಳಿಬಿಡಬೇಕೆಂದುಕೊಂಡವನು ಖಾನಾಪುರ ಬಂದರೂ ಹೇಳಿರಲಿಲ್ಲ. ಮೈದಾನದ ಮುಂದೆ ಹಾಯುವಾಗ ಪೈಲ್ವಾನರು ಆ ಕಡೆ ತಿರುಗಲಿಲ್ಲ. ಮುಂದೆ ಕಾಡು ಶುರುವಾಯಿತು. ಎಲೆಗಳ ನಡುವಿನ ಬೆಳಕು ಅವರ ಬಿಳಿ ಅಂಗಿಯ ಮೇಲೆ ಮೀನಿನಂತೆ ಆಡುತ್ತಿತ್ತು.

ತಾಲೀಮಿನ ಬಾಗಿಲಲ್ಲೇ ಮಣ್ಣಿನ ವಾಸನೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ಲಿಂಬೆಹಣ್ಣಿನ ರಸ ಹಾಕಿ ಹದ ಮಾಡಿದ್ದರು. ಹುಡುಗರು ಸಾಲಾಗಿ ಬಂದು ಕಾಲಿಗೆ ಬಿದ್ದರು. ಪರಸಪ್ಪನವರ ಶಿಷ್ಯ ಮಾರುತಿ ಈಗ ಅವರಿಗೆಲ್ಲ ವಸ್ತಾದ. ಗೋಡೆಯ ಮೇಲೆ ಯೌವನದ ಪರಸಪ್ಪ ಎದೆ ಸೆಟೆಸಿ ನಿಂತಿದ್ದರು. ಕೆಳಗೆ ಆ ಸಾಲನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರು. ಬಣ್ಣ ತುಂಬುವುದಷ್ಟೇ ಬಾಕಿ.

ಪೈಲ್ವಾನರು ನನ್ನ ಮುಖ ನೋಡಿದರು. "ಹೇಳ್ರಿ ಸರ."

"ಗೊತ್ತಿಲ್ರಿ. ನಾ ಅಲ್ಲಿದ್ನೋ ಇಲ್ಲೋ, ಅದ ಖಾತ್ರಿ ಇಲ್ಲ" ಎಂದೆ.

"ಬರಿಯೂ ಮುಂದ ಖಾತ್ರಿ ಇತ್ತಲ್ಲ?"

ಹುಡುಗರು ನಕ್ಕರು. ಪೈಲ್ವಾನರಿಗೆ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಸ್ವಲ್ಪ ಹೊತ್ತು ಫೋಟೊ ನೋಡುತ್ತ ನಿಂತರು. ಆಮೇಲೆ ಅಂಗಿ ಕಳಚಿ ಮಗಳ ಕೈಗೆ ಕೊಟ್ಟರು. ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಕಣಕ್ಕಿಳಿದರು. ನಡುವೆ ಹೋಗಿ ಕುಳಿತರು. ಒಂದು ಕೈ ಊರಿದರು. ನಿಧಾನಕ್ಕೆ ಹಿಂದೆ ಬಾಗಿದರು.

"ವಸ್ತಾದ್ರ, ಬ್ಯಾಡ್ರಿ" ಎಂದ ಮಾರುತಿ.

ಪರಸಪ್ಪ ಪೈಲ್ವಾನರು ಅಂಗಾತ ಮಲಗಿದರು. ಎರಡೂ ಹೆಗಲು ಮಣ್ಣಿಗೆ.

ಮೇಲಿನ ಗಾಜಿನ ಹಂಚಿನಿಂದ ಬೆಳಕಿನ ಕೋಲೊಂದು ಇಳಿದು ಅವರ ಎದೆಯ ಮೇಲೆ ನಿಂತಿತ್ತು. ಅದರೊಳಗೆ ಕೆಂಪು ಧೂಳು ಸುಮ್ಮನೆ ಸುತ್ತುತ್ತಿತ್ತು. ಬೇಗ ಏಳುತ್ತಾರೆ ಎಂದುಕೊಂಡೆವು. ಏಳಲಿಲ್ಲ. ಹೊಳೆಯಲ್ಲಿ ತೇಲುವವರಂತೆ ಕೈ ಚೆಲ್ಲಿ ಸೂರು ನೋಡುತ್ತ ಮಲಗಿಯೇ ಇದ್ದರು.

"ತಂಪೈತಿ" ಎಂದರು. ಎಷ್ಟೋ ಹೊತ್ತಿನ ಮೇಲೆ, ತಮಗೇ ಹೇಳಿಕೊಂಡಂತೆ: "ಇಷ್ಟ ತಂಪ ಇರತೈತಿ ಅಂತ ಗೊತ್ತ ಇರಲಿಲ್ಲ."

ಗೊತ್ತಿರಲಿಲ್ಲ ಎಂದರೆ ಅಂದು ತಾಗಿರಲಿಲ್ಲ ಎಂದರ್ಥವೇ? ಎಚ್ಚರ ತಪ್ಪಿದವನ ಚರ್ಮಕ್ಕೆ ತಂಪು ನೆನಪಿರುತ್ತದೆಯೇ? ನನ್ನ ತಲೆಯೊಳಗಿನ ಧಾರವಾಡ ಆಗಲೇ ವಾದಕ್ಕೆ ಕುಳಿತಿತ್ತು. ಅಷ್ಟರಲ್ಲಿ ಅವರೆದ್ದು ನನಗೆ ಬೆನ್ನು ತೋರಿಸಿ ನಿಂತರು. ಎರಡೂ ಹೆಗಲ ಮೇಲೆ ಕೆಂಪು ಮಣ್ಣು. ಬೆಳಕು ಬಿದ್ದಲ್ಲಿ ಅದು ಹೊಳೆಯುತ್ತಿತ್ತು. ಹೌದು, ಹೀಗೇ ಇತ್ತು ಎನಿಸಿತು. ಅಥವಾ ನನ್ನದೇ ಸಾಲು ಈಗ ಬಂದು ಅಲ್ಲಿ ಕುಳಿತಿತೋ? ಅವರು ಈ ಸಲ ಕೇಳಲಿಲ್ಲ.

"ಮಾರುತಿ, ಅದನ್ನ ಅಳಸು. ಹೆಸರಷ್ಟ ಸಾಕು."

"ಇದು ಕುಸ್ತಿ ಅಲ್ಲಲ್ರಿ. ಯಾರೂ ಕೆಡವಿಲ್ಲ ನಿಮ್ಮನ್ನ."

"ಯಾರೂ ಕೆಡವದ ಮಲಗಿದ್ನಲ್ಲ, ಅದ ಛಲೋ ಆತು."

ಮಾರುತಿ ಕಣ್ಣೊರೆಸಿಕೊಂಡು, ಹೆಗಲ ಮೇಲಿನ ಟವೆಲ್ ತೆಗೆದು ಗುರುವಿನ ಬೆನ್ನು ಒರೆಸಲು ಹೋದ. ಅವರು ಕೈ ಹಿಡಿದು ತಡೆದರು. ಇರಲಿ ಎಂದರು. ಆ ಮಣ್ಣಿನ ಮೇಲೆಯೇ ಬಿಳಿ ಅಂಗಿ ಹಾಕಿಕೊಂಡರು. ಕಾರಿನಲ್ಲಿ ಸೀಟಿಗೆ ಪೂರ್ತಿ ಒರಗಿ ಕುಳಿತರು. ಕವರ್ ಕೆಂಪಾಯಿತು. ಸುಮಿತ್ರಾ ಅದನ್ನು ನೋಡಿಯೂ ನೋಡದವರಂತೆ ಗಾಡಿ ಓಡಿಸಿದರು.

ಸೋಮವಾರ ಬೆಳಿಗ್ಗೆ ಸುಮಿತ್ರಾ ಅವರ ಫೋನ್. ಅಪ್ಪ ಶನಿವಾರದಿಂದ ಅಂಗಾತ ಮಲಗುತ್ತಿದ್ದಾರಂತೆ. "ಗೊರಕಿ ಅಂದ್ರ ಗೊರಕಿ ಸರ. ಮನ್ಯಾಗ ಯಾರಿಗೂ ನಿದ್ದಿ ಇಲ್ಲ" ಎಂದು ದೂರಿದರು. ದೂರುವ ದನಿ ನಗುತ್ತಿತ್ತು.

ಇಷ್ಟು ವರ್ಷ ಆ ಬೆನ್ನನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿದದ್ದು ಯಾರು, ಪರಸಪ್ಪನವರೋ ಅಥವಾ ಅಪ್ಪನ ಹೆಗಲ ಮೇಲೆ ಕುಳಿತು (ಕುಳಿತಿದ್ದರೆ) ಚಪ್ಪಾಳೆ ತಟ್ಟಿದ ನಾವೋ?